ಜೀಪಿಗೆ ಎಷ್ಟಿಂಚಿನ ಮಾಸ್ಟರ್ ಸಿಲಿಂಡರ್?

ನಮ್ಮ ಹಳೇ ಜೀಪಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸೋದು ಅಂತ ಮನೇಲಿ ತೀರ್ಮಾನವಾಗಿತ್ತು. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಹಳ್ಳ ದಾಟಿದರೆ ಈಗಿರೋ ಡ್ರಮ್ ಬ್ರೇಕಿನೊಳಗೆ ನೀರು ನುಗ್ಗುತ್ತದೆ, ಆಮೇಲೆ ಸ್ವಲ್ಪ ದೂರ ಬ್ರೇಕ್ ಸರಿಯಾಗಿ ಹಿಡಿಯೋದೇ ಇಲ್ಲ. ಪ್ಯಾಡುಗಳಿಂದ ಡಿಸ್ಕನ್ನ ಅದುಮಿ ಹಿಡಿಯೋ ಕ್ಯಾಲಿಪರ್ ಸಿಕ್ಕಿತು. ಉಳಿದದ್ದು ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನ ಚಕ್ರಗಳ ಕಡೆ ತಳ್ಳೋ ಭಾಗ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಅದೊಂದಕ್ಕೇ ದಿನ ಪೂರ್ತಿ ಹೋಯಿತು. ಹೋಗಬೇಕಾದದ್ದೇ.

"ಒಂದಿಂಚಿಂದೇ ಹಾಕಿ ಭಾಯ್, ದೊಡ್ಡದಾದಷ್ಟೂ ಬ್ರೇಕ್ ಜೋರು ಅಲ್ವಾ?" ಅಂದ ನಮ್ಮಣ್ಣ.

"ಉಲ್ಟಾ ಸಾರ್" ಅಂದರು ಮೆಕ್ಯಾನಿಕ್. ಚಾಕ್‌ಪೀಸ್ ತಗೊಂಡು ಮಡ್‌ಗಾರ್ಡ್ ಮೇಲೇ ಲೆಕ್ಕ ಬರೆದರು. ಕಾಲಿನಿಂದ 30 ಕೆಜಿ ಒತ್ತಿದರೆ, ಆರು ಪಟ್ಟು ಹೆಚ್ಚಿಸೋ ಪೆಡಲ್ ಅದನ್ನ 180 ಕೆಜಿ ಮಾಡುತ್ತೆ. ಒಂದಿಂಚಿನ ಬೋರಿನಲ್ಲಿ (ಸಿಲಿಂಡರಿನ ಒಳ ಅಗಲ) ಚದರ ಸೆಂಟಿಮೀಟರಿಗೆ ಸುಮಾರು 35 ಕೆಜಿ ಒತ್ತಡ. 7/8 ಇಂಚಿನದರಲ್ಲಿ 46. ಮುಕ್ಕಾಲಿಂಚಿಗೆ ಇಳಿದರೆ 63. ನಮ್ಮ ಜೀಪಿಗೆ ಒತ್ತೋ ಬಲ ಹೆಚ್ಚಿಸೋ ಬೂಸ್ಟರ್ ಇಲ್ಲ, ಇರೋದು ಕಾಲಿನ ಬಲ ಅಷ್ಟೇ.

ಹಾಗಾದರೆ ಮುಕ್ಕಾಲಿಂಚೇ ಸಾಕಲ್ವಾ ಅಂತ ಕೇಳಿದೆ. ಸಾಲದು. ಬೋರ್ ಚಿಕ್ಕದಾದಷ್ಟೂ ಪೆಡಲ್ ಕೆಳಗೆ ಹೋಗುತ್ತದೆ. ನಮ್ಮ ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಅದನ್ನ ತಳ್ಳೋಕೆ ಆಯಿಲ್ ಜಾಸ್ತಿ ಬೇಕು. ಪೆಡಲ್ ಫ್ಲೋರಿಗೆ ತಾಗಿಬಿಟ್ಟರೆ ಎಷ್ಟು ಒತ್ತಡ ಇದ್ದೇನು? ಕೊನೆಗೆ 7/8 ಇಂಚಿನದೇ ಸರಿ ಅಂತಾಯಿತು. ಅದೂ ಟ್ಯಾಂಡಮ್, ಅಂದರೆ ಒಳಗೆ ಎರಡು ಭಾಗ ಇರೋದು. ಹಳೆಯದರಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತಿತ್ತು. ಇದರಲ್ಲಿ ಮುಂದಿನದು ಬೇರೆ, ಹಿಂದಿನದು ಬೇರೆ.

ನನಗೆ ತುಂಬಾ ಹಿಡಿಸಿದ್ದು ಅವರು ಮಾಡಿದ ಇನ್ನೊಂದು ಪರೀಕ್ಷೆ. ಹಳೇ ಸಿಲಿಂಡರನ್ನೇ ಹೊಸ ಕ್ಯಾಲಿಪರಿಗೆ ಜೋಡಿಸಿ, ಏರ್ ತೆಗೆದು, ಮುಂದಿನ ಚಕ್ರ ಜಾಕ್ ಮೇಲೆ ಎತ್ತಿದರು. ಪೆಡಲ್ ಒತ್ತಿ ಬಿಡಿಸಿದರು. "ತಿರುಗಿಸಿ ನೋಡಿ" ಅಂದರು. ಎರಡೂ ಕೈ ಹಾಕಿದರೂ ಚಕ್ರ ಬಿಗಿಯಾಗಿ ಉಜ್ಜಿಕೊಂಡೇ ತಿರುಗಿತು. ಡ್ರಮ್ಮಿಗಾಗಿ ಮಾಡಿದ ಸಿಲಿಂಡರಿನೊಳಗೆ ಒಂದು ಪುಟ್ಟ ವಾಲ್ವ್ ಇರುತ್ತೆ, ಕಾಲು ತೆಗೆದ ಮೇಲೂ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತೆ. ಡ್ರಮ್ಮಿನ ಲೈನರನ್ನ ಸ್ಪ್ರಿಂಗ್ ವಾಪಸ್ ಎಳೆಯೋದರಿಂದ ಅಲ್ಲಿ ತೊಂದರೆಯಿಲ್ಲ. ಡಿಸ್ಕಿಗೆ ಆ ಸ್ಪ್ರಿಂಗ್ ಇಲ್ಲ, ಪ್ಯಾಡ್ ಅಂಟಿಕೊಂಡೇ ಇರುತ್ತೆ. ಹೀಗೆ ಘಾಟಿ ಇಳಿದರೆ ಡಿಸ್ಕ್ ಕಾದು ಆಯಿಲ್ ಕುದಿಯೋದೇ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು ಅನ್ನೋದು ನಿಯಮ. ನೀರಿನಂಶ ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ನೀರಿಗೇನು ಬರ!

ಹೊಸದು ಕೂತ ಮೇಲೆ ಆಗುಂಬೆ ಘಾಟಿಯ 14 ತಿರುವುಗಳನ್ನೂ ಇಳಿದೆವು. ಪೆಡಲ್ ಅರ್ಧಕ್ಕೇ ಗಟ್ಟಿಯಾಗಿ ನಿಲ್ಲುತ್ತಿತ್ತು, ಕೊನೆಯ ತಿರುವಿನಲ್ಲೂ ಹಾಗೇ. ಒದ್ದೆ ಜಾಗದಲ್ಲಿ ಮಾತ್ರ ಹಿಂದಿನ ಡ್ರಮ್ ಮೊದಲೇ ಲಾಕ್ ಆಗಿ ಬಾಲ ಸ್ವಲ್ಪ ಜಾರಿತು. ಹಿಂದಿನ ಲೈನಿಗೊಂದು, ಅಲ್ಲಿಗೆ ಹೋಗೋ ಒತ್ತಡ ತಗ್ಗಿಸೋ ಪ್ರೊಪೋರ್ಷನಿಂಗ್ ವಾಲ್ವ್ ಬೇಕು. ಅದನ್ನ ಮಳೆ ಹಿಡಿಯೋ ಮೊದಲೇ ಹಾಕಿಸುತ್ತೇವೆ.