ನಮ್ಮ ಮನೆ ಮುಂದಿನ 25 ಅಡಿ

ಶಿಕಾಗೊ ನಗರದಲ್ಲಿ ಹಿಮ ಬಿದ್ದಾಗ ರಸ್ತೆಯನ್ನು ತೆರವು ಮಾಡುವುದು ನಗರಾಡಳಿತದ ಹೊಣೆಯಾದರೆ, ರಸ್ತೆಯ ಬದಿಯಲ್ಲಿ ಜನರು ನಡೆದಾಡುವ ಹಾದಿಯನ್ನು, ಅಂದರೆ ಇಲ್ಲಿನವರು ಸೈಡ್‌ವಾಕ್ ಎನ್ನುವುದನ್ನು, ತೆರವು ಮಾಡುವುದು ಅದಕ್ಕೆ ಹೊಂದಿಕೊಂಡಿರುವ ಮನೆಯವರ ಹೊಣೆ. ನಗರದ ನಿಯಮದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಬಿದ್ದ ಹಿಮವನ್ನು ಅದೇ ರಾತ್ರಿ 10 ಗಂಟೆಯೊಳಗೆ ತೆಗೆಯಬೇಕು. ಸಂಜೆ 7ರಿಂದ ಮರುದಿನ ಬೆಳಿಗ್ಗೆ 7ರವರೆಗೆ ಬಿದ್ದದ್ದನ್ನು ಬೆಳಿಗ್ಗೆ 10ರೊಳಗೆ ತೆಗೆಯಬೇಕು. ಕನಿಷ್ಠ 5 ಅಡಿ ಅಗಲದ ದಾರಿ ಬಿಡಿಸಬೇಕು. ಮನೆ ಮೂಲೆಯಲ್ಲಿದ್ದರೆ ರಸ್ತೆ ದಾಟಲು ಇಳಿಯುವ ಇಳಿಜಾರನ್ನೂ ಬಿಡಿಸಬೇಕು. ತೆಗೆದ ಹಿಮವನ್ನು ರಸ್ತೆಗೆ ತಳ್ಳುವಂತಿಲ್ಲ. ತಪ್ಪಿದವರಿಗೆ ದಿನವೊಂದಕ್ಕೆ 50ರಿಂದ 500 ಡಾಲರ್‌ವರೆಗೆ ದಂಡ ವಿಧಿಸಬಹುದು.

ಡೆವನ್ ಅವೆನ್ಯೂಗೆ ಸಮೀಪದ ವೆಸ್ಟ್ ರಿಡ್ಜ್ ಬಡಾವಣೆಯಲ್ಲಿ ಬಹುಕಾಲದಿಂದ ನೆಲೆಸಿರುವ ನನ್ನನ್ನು, ಹೊಸದಾಗಿ ಮನೆ ಕೊಂಡ ಕನ್ನಡಿಗ ಮಿತ್ರರು ಮೊದಲ ಚಳಿಗಾಲದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: ಹಾದಿ ಸಾರ್ವಜನಿಕರದ್ದಾಗಿರುವಾಗ, ತೆರಿಗೆಯನ್ನೂ ಕಟ್ಟುತ್ತಿರುವಾಗ, ಅದನ್ನು ನಾವೇಕೆ ಶುಚಿಗೊಳಿಸಬೇಕು? ಪ್ರಶ್ನೆ ನ್ಯಾಯವಾದದ್ದೇ; ನಗರಾಡಳಿತ ಮಾಡಬೇಕಾದದ್ದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ಇಷ್ಟು ಚಳಿಗಾಲಗಳನ್ನು ಕಂಡ ಮೇಲೆ ನನಗೆ ಖಚಿತವಾಗಿರುವುದು ಇದು: ಹಾದಿ ನಡೆಯುವವರಿಗೆ ಸೇರಿದ್ದು, ಆದ್ದರಿಂದಲೇ ನಮ್ಮ ಹೊಣೆ ನಮ್ಮ ನಿವೇಶನದ ಗಡಿಯಲ್ಲಿ ಮುಗಿಯಬಾರದು.

ಶಿಕಾಗೊದ ಹಳೆಯ ಬಡಾವಣೆಗಳಲ್ಲಿ ನಿವೇಶನದ ರೂಢಿಯ ಅಳತೆ 25 ಅಡಿ ಅಗಲ, 125 ಅಡಿ ಉದ್ದ. ಬ್ಲಾಕ್‌ಗಳು, ಅಂದರೆ ಎರಡು ಅಡ್ಡರಸ್ತೆಗಳ ನಡುವಿನ ಬೀದಿಯ ಭಾಗಗಳು, ಮೈಲಿಗೆ ಎಂಟರಂತೆ ಇರುವ ಕಡೆ ಒಂದೊಂದರ ಉದ್ದ ಸುಮಾರು 660 ಅಡಿಯಾಗುವುದರಿಂದ, ರಸ್ತೆಯ ಒಂದೇ ಬದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಗಳು ಸಾಲಾಗಿ ಬರುತ್ತವೆ. ಅವುಗಳಲ್ಲಿ ಎರಡು ಮನೆಯವರು ಮಾತ್ರ ಹಿಮ ತೆಗೆಯದೆ ಬಿಟ್ಟರು ಎಂದುಕೊಳ್ಳೋಣ. ಲೆಕ್ಕದಲ್ಲಿ ಹಾದಿಯ ಬಹುಪಾಲು ತೆರವಾಗಿದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಮಾತ್ರ ಆ ಬ್ಲಾಕ್ ಪೂರ್ತಿ ಮುಚ್ಚಿದಂತೆಯೇ, ಏಕೆಂದರೆ ಅವರು ಅರ್ಧ ದಾರಿ ಬಂದು ಹಿಂದಿರುಗಬೇಕು ಅಥವಾ ವಾಹನಗಳು ಓಡಾಡುವ ರಸ್ತೆಗೆ ಇಳಿಯಬೇಕು. ನಮ್ಮ ಕಡೆ ಕೆರೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ತಮ್ಮ ಗದ್ದೆಯ ಉದ್ದಕ್ಕೂ ಎಲ್ಲರೂ ಕಾಲುವೆಯ ಹೂಳು ತೆಗೆದು, ನಡುವೆ ಒಬ್ಬರು ತೆಗೆಯದೆ ಉಳಿದರೆ, ಕೊನೆ ಭಾಗದ ರೈತನ ಗದ್ದೆಗೆ ನೀರು ಹರಿಯುವುದಿಲ್ಲ. ಉಳಿದವರ ದುಡಿಮೆಯೂ ಅಷ್ಟರಮಟ್ಟಿಗೆ ವ್ಯರ್ಥವಾಗುತ್ತದೆ.

ಈ ಹಾದಿಯನ್ನು ನಿಜವಾಗಿ ಬಳಸುವವರು ಯಾರೆಂದು ಕಾರಿನಲ್ಲೇ ಓಡಾಡುವವರಿಗೆ ಬೇಗ ಹೊಳೆಯುವುದಿಲ್ಲ. ಶಾಲೆಗೆ ನಡೆದುಹೋಗುವ ಮಕ್ಕಳು, ಮಗುವಿನ ತಳ್ಳುಗಾಡಿ ಹಿಡಿದ ತಾಯಂದಿರು, ಮನೆಮನೆಗೆ ಅಂಚೆ ತಲುಪಿಸುವವರು, ಬೆಳಗಿನ ಜಾವದ ಬಸ್ಸಿಗೆ ಹೊರಡುವ ಆಸ್ಪತ್ರೆ ಮತ್ತು ಹೋಟೆಲ್ ಕೆಲಸಗಾರರು, ದೃಷ್ಟಿಯಿಲ್ಲದೆ ಕೋಲಿನ ಸುಳಿವಿನಲ್ಲೇ ನಡೆಯುವವರು ಇದನ್ನು ನಂಬಿದ್ದಾರೆ. ಮಕ್ಕಳ ಮನೆಯಲ್ಲಿ ನೆಲೆಸಿರುವ ನಮ್ಮ ಹಿರಿಯರನ್ನೂ ಇವರೊಂದಿಗೆ ಸೇರಿಸಬೇಕು. ಕಾರು ಓಡಿಸದ ಅವರಿಗೆ ದಿನದ ನಡಿಗೆಯೇ ಹೊರಜಗತ್ತಿನ ನಂಟು, ಡೆವನ್‌ನ ಅಂಗಡಿಯವರೆಗೆ ಹೋಗಿ ಸೊಪ್ಪು ತರುವುದೇ ಸ್ವಾತಂತ್ರ್ಯ. ಎಪ್ಪತ್ತು ದಾಟಿದವರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಬಹಳಷ್ಟು ಮಂದಿ ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಬೀಳುವ ಭಯದಿಂದ ಅವರು ಜನವರಿ, ಫೆಬ್ರುವರಿ ಪೂರ್ತಿ ಮನೆಯೊಳಗೇ ಉಳಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡು ಮರುಗಿದ್ದೇನೆ.

ನಿಯಮ ಗಂಟೆಗಳ ಲೆಕ್ಕದಲ್ಲಿ ಗಡುವು ಹೇಳುವುದಕ್ಕೆ ಹಿಮದ ಸ್ವಭಾವವೇ ಕಾರಣ. ಆಗತಾನೇ ಬಿದ್ದ ಒಣ ಹಿಮ ಹಗುರ, ಸಲಿಕೆಯಲ್ಲಿ ತಳ್ಳಿದರೆ ಸಾಕು. ಅದರ ಮೇಲೆ ಹತ್ತಾರು ಹೆಜ್ಜೆಗಳು ಬಿದ್ದ ಮೇಲೆ ಅದು ಒತ್ತಿ ಗಟ್ಟಿಯಾಗುತ್ತದೆ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ, ಹೆಜ್ಜೆಗುರುತುಗಳೆಲ್ಲ ಕಲ್ಲಿನಂತಹ ಮಂಜುಗಡ್ಡೆಯ ಉಬ್ಬುತಗ್ಗುಗಳಾಗಿ ನಿಲ್ಲುತ್ತವೆ. ಶಿಕಾಗೊದ ಚಳಿಗಾಲದಲ್ಲಿ ಉಷ್ಣಾಂಶ ಪದೇ ಪದೇ ಸೊನ್ನೆಯ ಆಚೀಚೆ ತೂಗಾಡುವುದರಿಂದ ಇಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಹೊಸದರಲ್ಲಿ ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಎರಡು ದಿನ ಬಿಟ್ಟರೆ ಕಬ್ಬಿಣದ ಹಾರೆಗೂ ಜಗ್ಗುವುದಿಲ್ಲ.

ಆಗ ಎಲ್ಲರೂ ಮೊರೆಹೋಗುವುದು ಉಪ್ಪಿಗೆ. ಸಾಧಾರಣ ಕಲ್ಲುಪ್ಪು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅದಕ್ಕಿಂತ ತೀವ್ರವಾದ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೇ ಕಾಲು ಜಾರದಂತೆ ಮರಳು ಚೆಲ್ಲಬೇಕು. ಮೊದಲು ಸಲಿಕೆಯಿಂದ ತೆಗೆಯುವಷ್ಟನ್ನು ತೆಗೆದು, ಉಳಿದ ತೆಳು ಪದರಕ್ಕೆ ಮಾತ್ರ ಉಪ್ಪು ಹಾಕುವುದು ಸರಿಯಾದ ಕ್ರಮ. ಅಕ್ಕಿ ಚೆಲ್ಲಿದಂತೆ ರಾಶಿ ಸುರಿದರೆ ಅದೆಲ್ಲವೂ ಕರಗಿ ಮಣ್ಣಿಗೂ ನದಿಗೂ ಸೇರುತ್ತದೆ, ನಾಯಿಗಳ ಪಾದ ಉರಿಸುತ್ತದೆ, ಹಾದಿಯ ಕಾಂಕ್ರೀಟನ್ನೂ ಸವೆಸುತ್ತದೆ.

ನಮ್ಮವರಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಹಿಮವನ್ನು ಮುಟ್ಟದೆ ಬಿಟ್ಟರೆ ಅದು ಪ್ರಕೃತಿಯ ಕೆಲಸವೆಂದಾಗುತ್ತದೆ, ತೆಗೆದ ಮೇಲೆ ಯಾರಾದರೂ ಜಾರಿಬಿದ್ದರೆ ತೆಗೆದವರ ಮೇಲೆ ಮೊಕದ್ದಮೆ ಹೂಡುತ್ತಾರೆ, ಆದ್ದರಿಂದ ಸುಮ್ಮನಿರುವುದೇ ಕ್ಷೇಮ ಎಂದು ಓದಿದವರೂ ಹೇಳುತ್ತಾರೆ. ಇಂತಹ ಅಂಜಿಕೆಯನ್ನು ಹೋಗಲಾಡಿಸಲೆಂದೇ ಇಲಿನಾಯ್ ರಾಜ್ಯ 1979ರಲ್ಲಿ ಹಿಮ ತೆರವಿನ ಕಾಯ್ದೆಯೊಂದನ್ನು ಮಾಡಿತು. ವಾಸದ ಮನೆಯ ಮುಂದಿನ ಹಾದಿಯ ಹಿಮ ತೆಗೆಯಲು ಮುಂದಾದವರು, ಉದ್ದೇಶಪೂರ್ವಕವಾಗಿ ಅಥವಾ ಪರರ ಹಾನಿಯ ಪರಿವೆಯೇ ಇಲ್ಲದೆ ವರ್ತಿಸದ ಹೊರತು, ತೆಗೆಯುವುದರಲ್ಲಿ ಆದ ಕೊರತೆಗೆ ಪರಿಹಾರ ಕೊಡಬೇಕಾಗಿಲ್ಲ ಎಂದು ಅದು ರಕ್ಷಣೆ ನೀಡುತ್ತದೆ. ಈ ರಕ್ಷಣೆಗೆ ಮಿತಿಯೂ ಇದೆ. ಕಟ್ಟಡದ ನೀರು ಸರಿಯಾಗಿ ಹರಿದುಹೋಗದ ದೋಷದಿಂದ ಮಂಜುಗಡ್ಡೆ ಕಟ್ಟಿದರೆ ಈ ಕಾಯ್ದೆ ನೆರವಿಗೆ ಬರುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪಿತ್ತಿದೆ. ಹಾಗಾಗಿ ಮಾಡಿನ ನೀರಿಳಿಯುವ ಕೊಳವೆಯ ಬಾಯಿ ಹಾದಿಯ ಕಡೆಗಿದ್ದರೆ ಅದನ್ನು ಹಿಮ ಬೀಳುವ ಮೊದಲೇ ಹುಲ್ಲಿನ ಕಡೆಗೆ ತಿರುಗಿಸಿಕೊಳ್ಳಬೇಕು.

ಹಿಮ ತೆಗೆಯಲಾಗದವರೂ ಇದ್ದಾರೆ, ಅವರ ಮನೆಯ ಮುಂದೆ ರಾಶಿ ಬಿದ್ದಿರುವುದನ್ನು ಕಂಡು ಸೋಮಾರಿಗಳೆಂದು ತೀರ್ಮಾನಿಸುವುದು ಅನ್ಯಾಯ. ಕೊರೆಯುವ ಚಳಿಯಲ್ಲಿ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ಅದೇ ಹೊತ್ತಿನಲ್ಲಿ ತೋಳುಗಳಿಂದ ಭಾರ ಎತ್ತಿ ಎಸೆಯುವ ಶ್ರಮ ಹೃದಯದ ಮೇಲೆ ಬೀಳುತ್ತದೆ. ಪ್ರತಿ ಚಳಿಗಾಲದಲ್ಲೂ ಇಲ್ಲಿ ಸಲಿಕೆ ಹಿಡಿದವರಿಗೆ ಹೃದಯಾಘಾತವಾದ ಸುದ್ದಿ ಕೇಳಿಬರುತ್ತದೆ. ದಕ್ಷಿಣ ಏಷ್ಯಾದವರಿಗೆ ಹೃದ್ರೋಗ ಬೇಗನೆ ಬರುವುದು ವೈದ್ಯರೆಲ್ಲ ಬಲ್ಲ ವಿಷಯ. ಅದರ ಕಾರಣ ಹುಡುಕುತ್ತಿರುವ ಮಸಾಲಾ ಎಂಬ ದೀರ್ಘಕಾಲದ ಅಧ್ಯಯನ ನಡೆಯುತ್ತಿರುವ ಕಡೆಗಳಲ್ಲಿ ಶಿಕಾಗೊವೂ ಒಂದು. ಆದ್ದರಿಂದ ನಡುವಯಸ್ಸಿನ ನಮ್ಮ ಗೆಳೆಯರಿಗೆ ನನ್ನ ಬಿನ್ನಹವಿಷ್ಟೇ: ಒಮ್ಮೆಗೇ ಮುಗಿಸುವ ಹಟ ಬೇಡ, ಎತ್ತುವ ಬದಲು ತಳ್ಳಿ, ಎದೆಯಲ್ಲಿ ಒತ್ತಿದಂತಾದರೆ ಸಲಿಕೆಯನ್ನು ಅಲ್ಲೇ ಬಿಟ್ಟು ತುರ್ತು ಸಹಾಯಕ್ಕೆ ಕರೆ ಮಾಡಿ. ವೃದ್ಧರಿಗೂ ಅಂಗವಿಕಲರಿಗೂ ಸ್ವಯಂಸೇವಕರನ್ನು ಒದಗಿಸುವ ಸ್ನೋ ಕೋರ್ ಎಂಬ ಏರ್ಪಾಡು ನಗರದಲ್ಲಿದೆ, ನಗರಾಡಳಿತದ ಸಹಾಯವಾಣಿಯಾದ 311ಕ್ಕೆ ಕರೆ ಮಾಡಿ ಕೇಳಬಹುದು. ಆದರೂ ಪಕ್ಕದ ಮನೆಯವರು ಇನ್ನೊಂದು 25 ಅಡಿ ಮುಂದುವರಿಸುವುದಕ್ಕಿಂತ ಬೇಗ ಒದಗುವ ನೆರವು ಬೇರೊಂದಿಲ್ಲ.

ನಮ್ಮ ಬ್ಲಾಕಿನಲ್ಲಿ ಇದು ಹೇಗೆ ರೂಢಿಯಾಯಿತೆಂದರೆ, ಹಿಮವನ್ನು ಎತ್ತಿ ಬದಿಗೆ ಎಸೆಯುವ ಸ್ನೋ ಬ್ಲೋವರ್ ಯಂತ್ರ ಇರುವ ನೆರೆಯವರೊಬ್ಬರು ತಮ್ಮ ಮನೆಯ ಗಡಿಯಲ್ಲಿ ಯಂತ್ರ ನಿಲ್ಲಿಸದೆ ಬ್ಲಾಕಿನ ತುದಿಯವರೆಗೂ ಒಂದು ಸುತ್ತು ಹೊಡೆಯತೊಡಗಿದರು. ಅವರು ಅಷ್ಟು ಮಾಡುವಾಗ ಉಳಿದವರು ಸುಮ್ಮನಿರಲಿಲ್ಲ. ಯಂತ್ರ ತಲುಪದ ಮೆಟ್ಟಿಲುಗಳನ್ನು ಕೆಲವರು, ಬೆಂಕಿ ಆರಿಸುವವರಿಗೆ ಬೇಕಾದ ನೀರಿನ ಹೈಡ್ರಂಟ್‌ನ ಸುತ್ತಲಿನ ಜಾಗವನ್ನು ಇನ್ನು ಕೆಲವರು ನೋಡಿಕೊಳ್ಳುತ್ತಾರೆ. ನಾನೂ ಎದುರು ಮನೆಯ ಯುವಕನೂ ಮೂಲೆಗಳನ್ನು ವಹಿಸಿಕೊಂಡಿದ್ದೇವೆ. ನನ್ನ ಅನುಭವದಲ್ಲಿ ಮೂಲೆಯೇ ಅತ್ಯಂತ ಕಷ್ಟದ ಜಾಗ. ನಾವು ಇಳಿಜಾರನ್ನು ಬಿಡಿಸಿ ಒಳಗೆ ಬರುವಷ್ಟರಲ್ಲಿ ರಸ್ತೆ ತೆರವು ಮಾಡುವ ಲಾರಿ ಬಂದು, ಕೊಳಕಾದ ಭಾರದ ಹಿಮವನ್ನು ಗೋಡೆಯಂತೆ ಅಲ್ಲೇ ಒಟ್ಟಿ ಹೋಗಿರುತ್ತದೆ. ಅದನ್ನು ಮತ್ತೆ ಬಿಡಿಸದಿದ್ದರೆ ಇಡೀ ಬ್ಲಾಕ್ ಶುಚಿಯಾಗಿದ್ದೂ ಗಾಲಿಕುರ್ಚಿಯವರು ಅಲ್ಲಿಂದ ಹೊರಬೀಳಲಾರರು. ಬಸ್ ನಿಲ್ದಾಣದ ಪಾಡೂ ಇದೇ.

ಮಾಲೀಕರು ಬೇರೆ ಊರಿನಲ್ಲಿರುವ ಬಾಡಿಗೆ ಕಟ್ಟಡಗಳದ್ದು ಬೇರೆಯೇ ಕಥೆ. ನಮ್ಮ ಬೀದಿಯ ಅಂತಹ ಒಂದು ಕಟ್ಟಡಕ್ಕೆ ಬರುವ ಗುತ್ತಿಗೆದಾರರು ಕಾರು ನಿಲ್ಲುವ ಜಾಗವನ್ನು ನುಣುಪಾಗಿ ಬಿಡಿಸಿ, ಆ ಹಿಮವನ್ನೆಲ್ಲ ನಡೆಯುವ ಹಾದಿಯ ಮೇಲೆಯೇ ಗುಡ್ಡೆ ಹಾಕಿ ಹೋಗುತ್ತಿದ್ದರು. ಇಂತಹ ಕಡೆ ಕೈಲಾಗದವರ ಮೇಲೆ ತೋರಬೇಕಾದ ತಾಳ್ಮೆ ಸಲ್ಲದು. ಒಮ್ಮೆ ನೇರವಾಗಿ ತಿಳಿಸಿ, ಸರಿಹೋಗದಿದ್ದರೆ 311ಕ್ಕೆ ದೂರು ಕೊಡುವುದರಲ್ಲಿ ಸಂಕೋಚ ಬೇಡ. ಬಾಡಿಗೆಯಿಂದ ಆದಾಯ ಪಡೆಯುವವರಿಗೆ ಹಾದಿಯ ಖರ್ಚೂ ಸೇರಿದ್ದೇ.

ಇನ್ನು ನಗರಾಡಳಿತದ ವಿಚಾರ. 1979ರ ಜನವರಿಯಲ್ಲಿ 20 ಇಂಚು ಮೀರಿ ಹಿಮ ಬಿದ್ದು, ರಸ್ತೆಗಳೂ ರೈಲುಗಳೂ ಸ್ತಬ್ಧಗೊಂಡಾಗ, ಜನರ ಸಿಟ್ಟಿಗೆ ಗುರಿಯಾದ ಮೇಯರ್ ಮೈಕಲ್ ಬಿಲಾಂಡಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮರುತಿಂಗಳ ಪ್ರಾಥಮಿಕ ಚುನಾವಣೆಯಲ್ಲಿ ಸೋತರು. ಅವರನ್ನು ಸೋಲಿಸಿದ ಜೇನ್ ಬರ್ನ್ ಈ ನಗರದ ಮೊದಲ ಮಹಿಳಾ ಮೇಯರ್ ಆದರು. ಅಂದಿನಿಂದ ರಸ್ತೆಯ ಹಿಮವನ್ನು ಯಾವ ಮೇಯರ್ ಕೂಡ ಹಗುರವಾಗಿ ಕಂಡಿಲ್ಲ. ನಡೆಯುವ ಹಾದಿಯ ಹಿಮದಿಂದ ಮಾತ್ರ ಇಲ್ಲಿ ಯಾರ ಕುರ್ಚಿಯೂ ಅಲುಗಾಡಿಲ್ಲ. ಟೊರಾಂಟೊದ ಹಳೆಯ ಬಡಾವಣೆಗಳಲ್ಲೂ ಮೊದಲು ಮನೆಯವರೇ ಹಾದಿ ಬಿಡಿಸಬೇಕಿತ್ತು. 2021ರಲ್ಲಿ ನಗರಸಭೆ ನಿರ್ಧರಿಸಿದ ಮೇಲೆ ನಗರವೇ ಸಣ್ಣ ಯಂತ್ರಗಳಿಂದ ಆ ಕೆಲಸ ಮಾಡುತ್ತಿದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹೆಚ್ಚು ಹಿಮ ಬಿದ್ದಾಗ ನಗರ ಹಾದಿಯನ್ನೂ ತೆರವು ಮಾಡಿ, ಅದರ ವೆಚ್ಚವನ್ನು ನಿವೇಶನದ ಮುಂಭಾಗದ ಅಳತೆಗೆ ತಕ್ಕಂತೆ ಮನೆಯವರಿಂದ ಪಡೆಯುತ್ತದೆ. ಶಿಕಾಗೊದಲ್ಲಿ ಅಂಗವಿಕಲರ ಹಕ್ಕುಗಳ ಸಂಸ್ಥೆಯಾದ ಆ್ಯಕ್ಸೆಸ್ ಲಿವಿಂಗ್ ಮತ್ತು ಬೆಟರ್ ಸ್ಟ್ರೀಟ್ಸ್ ಶಿಕಾಗೊ ಸಂಘಟನೆಗಳ ಒತ್ತಾಯದಿಂದ, ಕೆಲವು ಬಡಾವಣೆಗಳಲ್ಲಿ ಪ್ರಯೋಗ ನಡೆಸುವ ಯೋಜನೆ ರೂಪಿಸಲು ನಗರಸಭೆ 2023ರಲ್ಲಿ ಒಪ್ಪಿತು; ಆದರೆ 2025ರ ಆಯವ್ಯಯದಲ್ಲಿ ಅದಕ್ಕೆ ಹಣ ಸಿಗಲಿಲ್ಲ. ಇದು ನನಗೆ ನೋವು ತಂದಿದೆ. ಒಂದೊಂದು ಮನೆಯ ಒಳ್ಳೆಯತನವನ್ನು ನಂಬಿ ಗಾಲಿಕುರ್ಚಿಯವರು ಮನೆಯಿಂದ ಹೊರಡಬೇಕಾದ ಸ್ಥಿತಿ ಇಷ್ಟು ಸಿರಿವಂತ ನಗರಕ್ಕೆ ತಕ್ಕುದಲ್ಲ. ನಿಮ್ಮ ವಾರ್ಡಿನ ಆಲ್ಡರ್‌ಮನ್, ಅಂದರೆ ನಗರಸಭಾ ಸದಸ್ಯರ, ಕಚೇರಿಗೆ ಈ ಬಗ್ಗೆ ಬರೆಯಿರಿ ಎಂದು ಇಲ್ಲಿನ ಕನ್ನಡಿಗರೆಲ್ಲರನ್ನೂ ಕೋರುತ್ತೇನೆ.

ಕೊನೆಯದಾಗಿ, ನಮ್ಮವರಿಗೇ ವಿಶೇಷವಾಗಿ ಅನ್ವಯಿಸುವ ವಿಷಯವೊಂದಿದೆ. ಮಕ್ಕಳ ಶಾಲೆಗೆ ರಜೆ ಬಂತೆಂದು ನಾವು ಊರಿಗೆ ಹೊರಡುವುದು ಡಿಸೆಂಬರ್ ಕೊನೆಗೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಾರಗಟ್ಟಲೆ ಇದ್ದು ಬರುವಷ್ಟರಲ್ಲಿ ಇಲ್ಲಿ ಎರಡು ಮೂರು ಸಲ ಹಿಮ ಬಿದ್ದು ಗಡ್ಡೆಗಟ್ಟಿರುತ್ತದೆ. ಮನೆಯಲ್ಲಿ ಯಾರೂ ಇಲ್ಲವೆಂಬ ಕಾರಣಕ್ಕೆ ನಿಯಮದಿಂದ ವಿನಾಯಿತಿ ಇಲ್ಲ. ಮನೆಯ ಕೀಲಿ ಯಾರ ಬಳಿ ಇರಬೇಕು, ಅಂಚೆ ಯಾರು ತೆಗೆದಿಡಬೇಕು ಎಂದು ಗೊತ್ತುಮಾಡುವಾಗಲೇ ಹಾದಿಯ ಹೊಣೆಯನ್ನೂ ಗೊತ್ತುಮಾಡಿ. ಸಲಿಕೆಯನ್ನೂ ಉಪ್ಪಿನ ಚೀಲವನ್ನೂ ಕೈಗೆ ಸಿಗುವಂತೆ ಜಗುಲಿಯಲ್ಲಿಟ್ಟು, ಪಕ್ಕದ ಮನೆಯವರಿಗೆ ನಿಮ್ಮ ಪ್ರಯಾಣದ ದಿನಾಂಕಗಳನ್ನು ನವೆಂಬರ್‌ನಲ್ಲೇ ತಿಳಿಸಿ. ಅವರು ಊರಿನಲ್ಲಿಲ್ಲದ ದಿನಗಳಲ್ಲಿ ಅವರ ಮನೆಯ ಮುಂದಿನ ಹಾದಿಯನ್ನು ನೀವು ನೋಡಿಕೊಳ್ಳುವಿರೆಂದು ಆಗಲೇ ಮಾತು ಕೊಟ್ಟರೆ, ಅವರೂ ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ.