ಮರಿಯನ್ನು ಕರ್ಕೊಂಡು ಹೋಗಬಹುದಾ ಅಂತ ಕೇಳುವವರಿಗೆ

ರಜೆ ಹತ್ತಿರ ಬಂತು ಅಂದರೆ ನನಗೆ ಮೊದಲು ಬರುವುದು ಮರಿಯ ಫೋಟೋ. ಅದರ ಹಿಂದೆಯೇ ಪ್ರಶ್ನೆ. "ನಾಯಿಮರಿ ತಂದು ಎರಡು ವಾರ ಆಯ್ತು. ರಜೆಗೆ ಮನೆಯವರೆಲ್ಲ ಸೇರುತ್ತಿದ್ದೇವೆ. ಅಲ್ಲಿ ಇನ್ನೂ ಎರಡು ಮೂರು ನಾಯಿ ಇರುತ್ತವೆ. ಕರ್ಕೊಂಡು ಹೋಗಬಹುದಾ? ಕಚ್ಚಲ್ಲ ಅಲ್ವಾ?"

ಮನೆಯಲ್ಲಿ ನಾಯಿ ಸಾಕಿಕೊಂಡೇ ಬಂದವಳು ನಾನು, ಅದಕ್ಕೆ ನನ್ನನ್ನು ಕೇಳುತ್ತಾರೆ. ಬೇಡ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹೂಂ ಅಂದರೆ ಮುಂದಿನ ಮಾತು ಕೇಳಿಸಿಕೊಳ್ಳದೆ ಫೋನ್ ಇಡುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಇಂಜೆಕ್ಷನ್ ವಿಷಯ. "ಒಂದು ಆಗಿದೆ" ಅಂತ ಎಲ್ಲರೂ ಧೈರ್ಯವಾಗಿ ಹೇಳುತ್ತಾರೆ. ಒಂದು ಸಾಲದು. ಮರಿಗೆ 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಹಾಕಿಸುತ್ತಾ, ಕೊನೆಯದನ್ನು 16 ವಾರ ತುಂಬಿದ ಮೇಲೆ ಹಾಕಿಸಬೇಕು. ಕಾರಣ ಇದೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯನ್ನು ಕಾಯುತ್ತದೆ, ಆದರೆ ಅದೇ ರಕ್ಷಣೆ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆ ಅಂತ ನೋಡಿ ಹೇಳಲಾಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಈ ನಡುವೆ ಪಾರ್ವೊ ಅನ್ನುವ ವೈರಸ್ ತಗುಲಿದರೆ ರಕ್ತಭೇದಿ, ವಾಂತಿ ಶುರುವಾಗಿ ಮರಿ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ.

ಹಾಗಂತ 16 ವಾರ ಕೋಣೆಯಲ್ಲಿ ಕೂಡಿ ಹಾಕಬೇಡಿ. ಮೂರನೇ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೇ ವಾರದವರೆಗೆ ಮರಿ ಲೋಕವನ್ನು ಕಲಿಯುವ ಕಾಲ. ಆಗ ನೋಡದ್ದಕ್ಕೆಲ್ಲ ಮುಂದೆ ಹೆದರುವ ಸಾಧ್ಯತೆ ಜಾಸ್ತಿ. ಅಲ್ಲಿರುವ ನಾಯಿಗಳಿಗೆಲ್ಲ ಲಸಿಕೆ ಆಗಿದೆ, ಜಂತುಹುಳುವಿಗೆ ಔಷಧಿ ಕೊಟ್ಟಿದ್ದಾರೆ, ಯಾವುದಕ್ಕೂ ಕೆಮ್ಮು ಭೇದಿ ಇಲ್ಲ ಅಂತ ಗೊತ್ತಿದ್ದರೆ, ನಿಮ್ಮ ಮರಿಯನ್ನು ನೋಡುವ ಡಾಕ್ಟರನ್ನೂ ಒಂದು ಮಾತು ಕೇಳಿ, ಕರ್ಕೊಂಡು ಹೋಗಿ. ಇದೇ ನನ್ನ ಉತ್ತರ.

ಆದರೆ ಆ "ಕಚ್ಚಲ್ಲ ಅಲ್ವಾ?" ಇದೆಯಲ್ಲ, ಅದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ನನ್ನ ಚಿನ್ನು ಹನ್ನೊಂದು ವಾರದ ಮರಿ ಆಗಿದ್ದಾಗ ರಜೆಗೆ ಅಕ್ಕನ ಮನೆಗೆ ಹೋಗಿದ್ದೆವು. ಅಲ್ಲಿ ರಾಜ ಇದ್ದ. ಹನ್ನೆರಡು ವರ್ಷದ ನಾಯಿ, ಹಿಂಗಾಲಿನ ಕೀಲು ನೋವು. ಕೂತರೆ ಏಳಲು ಎರಡು ಸಲ ಪ್ರಯತ್ನ ಮಾಡಬೇಕು. ಮನೆ ತುಂಬಾ ಜನ, ಮಕ್ಕಳು. ಚಿನ್ನು ನೇರ ಹೋಗಿ ರಾಜನ ಕಿವಿಗೆ ಜೋತುಬಿದ್ದಳು. ಹಾಲುಹಲ್ಲು ಗೊತ್ತಲ್ಲ, ಇಪ್ಪತ್ತೆಂಟೂ ಸೂಜಿ.

ರಾಜ ಮೊದಲು ಮುಖ ತಿರುಗಿಸಿದ. ಬಾಯಲ್ಲಿ ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಂಡ. ದೊಡ್ಡದಾಗಿ ಆಕಳಿಸಿದ. ನಿದ್ದೆ ಬಂದಿದೆ ಪಾಪ ಅಂದುಕೊಂಡೆ. ಆಮೇಲೆ ಕಷ್ಟಪಟ್ಟು ಎದ್ದು ಮೇಜಿನ ಕೆಳಗೆ ಹೋಗಿ ಗೋಡೆಗೆ ಒತ್ತಿ ಮಲಗಿದ. ಚಿನ್ನು ಅಲ್ಲಿಗೂ ನುಗ್ಗಿದಳು. ಎಲ್ಲರೂ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಆಗ ರಾಜ ಗುರ್ ಅಂದ.

"ಏಯ್ ರಾಜ, ಸುಮ್ನಿರೋ! ಮರಿ ಕಣೋ ಅದು!" ಅಂತ ಗದರಿದವಳು ನಾನೇ.

ಅವನು ಸುಮ್ಮನಾದ. ನಾನು ಹೇಳಿದ್ದನ್ನು ಕೇಳಿದ. ಒಂದು ಗಂಟೆ ಕಳೆದ ಮೇಲೆ, ಒಂದು ಸದ್ದೂ ಇಲ್ಲದೆ, ಚಿನ್ನುವಿನ ಮುಖಕ್ಕೆ ಬಾಯಿ ಹಾಕಿದ. ಅವಳ ಕಿರುಚಾಟ ಈಗಲೂ ಕಿವಿಯಲ್ಲಿದೆ. ಹುಬ್ಬಿನ ಹತ್ತಿರ ಎರಡು ಹೊಲಿಗೆ ಬಿತ್ತು, ಕಣ್ಣು ಉಳಿಯಿತು. ರಾಜನನ್ನು ಹಿತ್ತಿಲಲ್ಲಿ ಕಟ್ಟಿದರು. "ಇನ್ನು ಇವನನ್ನು ನಂಬೋ ಹಾಗಿಲ್ಲ" ಅಂದರು ಭಾವ. ನಾನು ಬಾಯಿ ಬಿಡಲಿಲ್ಲ.

ನಂಬಬಹುದಿತ್ತು. ಮುಖ ತಿರುಗಿಸಿ ಹೇಳಿದ, ತುಟಿ ನೆಕ್ಕಿ ಹೇಳಿದ, ಎದ್ದು ಹೋಗಿ ಹೇಳಿದ, ಕೊನೆಗೆ ಬಾಯಿಬಿಟ್ಟು ಹೇಳಿದ. ಆ ಕೊನೆಯದಕ್ಕೆ ನಾನು ಬೈದೆ. ಗುರ್ ಅನ್ನುವ ನಾಯಿಗೆ ಬೈದರೆ ಅದರ ನೋವು ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಗುರ್ ಅಂದ ತಕ್ಷಣ ಎತ್ತಬೇಕಾದ್ದು ಮರಿಯನ್ನು.

ಹಾಗಾಗಿ ದಯವಿಟ್ಟು "ಕಚ್ಚಲ್ಲ ಅಲ್ವಾ" ಅಂತ ಕೇಳಬೇಡಿ. "ಅವೇ ಹೊಂದಿಕೊಳ್ತವೆ ಬಿಡಿ" ಅಂತಲೂ ಹೇಳಬೇಡಿ. ಆ ಮನೆಯ ನಾಯಿಗೆ ಏನು ಅನುಕೂಲ ಮಾಡಿಕೊಡಬೇಕು ಅಂತ ಯಾರಾದರೂ ಕೇಳಲಿ ಅಂತ ಎಷ್ಟು ವರ್ಷದಿಂದ ಕಾಯುತ್ತಿದ್ದೇನೆ. ಒಬ್ಬರೂ ಕೇಳಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ: ಮೊದಲ ಭೇಟಿ ಮನೆಯೊಳಗೆ ಬೇಡ. ಒಳಗೆಲ್ಲ ಅದರದ್ದೇ ಜಾಗ, ಅದರದ್ದೇ ವಾಸನೆ. ಹೊರಗೆ, ಬೇರೆ ನಾಯಿಗಳು ಓಡಾಡದ ಜಾಗದಲ್ಲಿ, ಒಂದೊಂದನ್ನೇ ಭೇಟಿ ಮಾಡಿಸಿ. ಬೆಲ್ಟಿಗೆ ಕಟ್ಟಿ ಕೈಯಲ್ಲಿ ಹಿಡಿದ ಹಗ್ಗ ಸಡಿಲ ಇರಲಿ. ಎಳೆದು ಹಿಡಿದರೆ ನಿಮ್ಮ ಗಾಬರಿ ಅವಕ್ಕೂ ಅಂಟುತ್ತದೆ. ಪಕ್ಕಪಕ್ಕದಲ್ಲಿ ಸ್ವಲ್ಪ ದೂರ ನಡೆಸಿಕೊಂಡು ಬಂದು ಆಮೇಲೆ ಒಳಗೆ ಬನ್ನಿ. ಅಷ್ಟರೊಳಗೆ ತಟ್ಟೆ, ಮೂಳೆ, ಆಟದ ಸಾಮಾನು ಎಲ್ಲ ಎತ್ತಿಟ್ಟಿರಬೇಕು. ದೊಡ್ಡ ನಾಯಿಗೆ ಮರಿ ಹೋಗಲಾಗದ ಒಂದು ಜಾಗ ಬೇಕೇ ಬೇಕು.

ಮರಿಗೂ ಬಾಗಿಲು ಹಾಕುವಂಥ ಒಂದು ಕೋಣೆ ಬೇಕು. ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುವ ಜೀವ ಅದು. ಜನರ ಗದ್ದಲದಲ್ಲಿ ಯಾರೂ ಮಲಗಲು ಬಿಡುವುದಿಲ್ಲ. ಸಂಜೆ ಹೊತ್ತಿಗೆ ಹುಚ್ಚು ಹಿಡಿದ ಹಾಗೆ ಓಡಿ ಎಲ್ಲರನ್ನೂ ಕಚ್ಚುತ್ತದೆ ಅಲ್ವಾ, ಅದು ತುಂಟತನ ಅಲ್ಲ, ಸುಸ್ತು. ಎತ್ತಿಕೊಂಡು ಹೋಗಿ ಕತ್ತಲೆ ಮಾಡಿ ಮಲಗಿಸಿ.

ಇನ್ನೊಂದು. "ಎಲ್ಲರೂ ನೋಡ್ಕೋತೀವಿ" ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಈ ಹೊತ್ತು ಇಂಥವರ ಪಾಳಿ ಅಂತ ಹೆಸರು ಹೇಳಿ ಒಪ್ಪಿಸಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ ಹಾಕಿದ ಊಟ ನಾಯಿಗೆ ವಿಷ ಅಂತ ಮಕ್ಕಳಿಗೂ ಹಿರಿಯರಿಗೂ ಮೊದಲೇ ಹೇಳಿ. ಬೇಯಿಸಿದ ಮೂಳೆಯಂತೂ ಕೊಡಲೇಬೇಡಿ.

ಇಷ್ಟು ಮಾಡಲು ಆಗುವುದಿಲ್ಲ ಅನ್ನಿಸಿದರೆ ಈ ಸಲ ಬಿಟ್ಟು ಹೋಗಿ, ಯಾರನ್ನಾದರೂ ಮನೆಯಲ್ಲಿರಲು ಕೇಳಿಕೊಳ್ಳಿ. ಇಲ್ಲ, ಕರ್ಕೊಂಡು ಹೋಗಿಯೇ ಹೋಗುತ್ತೇನೆ ಅಂದರೆ ಖಂಡಿತ ಫೋನ್ ಮಾಡಿ. ಆದರೆ ಆ ಮನೆಯ ನಾಯಿಗೆ ಎಷ್ಟು ವರ್ಷ, ಅದಕ್ಕೆ ಎಲ್ಲಿ ನೋವಿದೆ, ಅದು ಎಲ್ಲಿ ಮಲಗುತ್ತದೆ, ಅದನ್ನು ಮೊದಲು ಹೇಳಿ. ಮರಿಯ ಫೋಟೋ ಆಮೇಲೆ ನೋಡೋಣ.