ಹಲಸೂರಿನಿಂದ ವೀರಗಲ್ಲಿನವರೆಗೆ ನೆಲಬಾಂಬಿನ ಜಾಡು

ಹಲಸೂರು ಮೆಟ್ರೊದಲ್ಲಿ ಇಳಿದು ಕೆರೆ ಕಡೆಗೆ ನಡೆದರೆ ಸ್ವಲ್ಪ ಹೊತ್ತಿಗೆಲ್ಲ ಸೈನ್ಯದ ಗೋಡೆ ಶುರುವಾಗುತ್ತದೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಊರವರ ಬಾಯಲ್ಲಿ ಎಂಇಜಿ. 1780ರಲ್ಲಿ ಹುಟ್ಟಿದ, ಸೈನ್ಯದ ಎಂಜಿನಿಯರ್‌ಗಳ ಪಡೆ. ಒಳಗೆ ಮ್ಯೂಸಿಯಂ ಉಂಟು, ಆದರೆ ಮೊದಲೇ ಅನುಮತಿ ಪಡೆಯದೆ ಗೇಟಿನ ತನಕ ಹೋಗಿ ಪ್ರಯೋಜನವಿಲ್ಲ. ಗೋಡೆಯ ಫೋಟೊ ತೆಗೆಯುವ ಗೊಡವೆಯೂ ಬೇಡ.

ಐಟಿಗಿಂತ ಎಷ್ಟೋ ಮೊದಲೇ ನಮ್ಮೂರಿನ ಹೆಸರು ಜಗತ್ತಿನ ಸೇನೆಗಳ ಬಾಯಿಗೆ ಬಿದ್ದದ್ದು ಈ ಪಡೆಯಿಂದಲೇ. ಇಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ರೂಪಿಸಿದ್ದು ‘ಬೆಂಗಳೂರು ಟಾರ್ಪೆಡೊ’. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಮರೆಯಲ್ಲಿ ಮಲಗಿಕೊಂಡೇ ಮುಳ್ಳುತಂತಿಯ ಅಡಿಗೆ ತಳ್ಳುವುದು. ಎರಡನೇ ಮಹಾಯುದ್ಧದ ಹೊತ್ತಿಗೆ ಒಂದೊಂದು ತುಂಡು ಐದಡಿ ಉದ್ದ. ತುದಿಗೆ ಮೊಂಡು ಮೂತಿ, ಇಲ್ಲದಿದ್ದರೆ ಬೇರಿಗೋ ತಂತಿಗೋ ಸಿಕ್ಕಿಕೊಂಡು ಅಲ್ಲೇ ನಿಂತುಬಿಡುತ್ತದೆ. 1944ರಲ್ಲಿ ನಾರ್ಮಂಡಿಯ ಕಡಲತಡಿಯಲ್ಲಿ ಸೈನಿಕರು ದಾರಿ ಬಿಡಿಸಿಕೊಂಡದ್ದು ಇದರಿಂದಲೇ.

ಇದನ್ನು ನೆಲಬಾಂಬ್ ತೆರವಿನ ಸಾಧನ ಎನ್ನುವವರಿದ್ದಾರೆ. ಪೂರ್ತಿ ಸರಿಯಲ್ಲ. ಟಾರ್ಪೆಡೊ ತೆರೆಯುವುದು ಒಂದು ಕಾಲುದಾರಿ, ಅಷ್ಟೆ. ಪಕ್ಕದ ಬಾಂಬು ಹಾಗೇ ಇರುತ್ತದೆ, ಕೆಲವು ಅರೆಬರೆ ಜಖಂ ಆಗಿ ಇನ್ನಷ್ಟು ಅಪಾಯಕಾರಿಯಾಗುತ್ತವೆ. ಓಡುವ ಸೈನಿಕನಿಗೆ ಅಷ್ಟು ಸಾಕು, ಉಳುವ ರೈತನಿಗೆ ಸಾಲದು. ರೈತನಿಗಾಗಿ ಮಾಡುವ ತೆರವು ಬೇರೆಯೇ ಕಸುಬು. ಸುಮಾರು ಒಂದು ಮೀಟರ್ ಅಗಲದ ಪಟ್ಟಿ, ಎಲ್ಲಿಯವರೆಗೆ ತೆರವಾಗಿದೆ ಎಂದು ಗುರುತಿಸಲು ಅಡ್ಡಕ್ಕೆ ಒಂದು ಕೋಲು. ಮೊದಲು ಎಡವುತಂತಿ (ಕಾಲು ತಾಗಿದರೆ ಬಾಂಬು ಸಿಡಿಸುವ ತಂತಿ) ಇದೆಯೇ ಎಂದು ನೋಡಬೇಕು, ಆಮೇಲೆ ಹುಲ್ಲು ಕತ್ತರಿಸಬೇಕು, ಆಮೇಲೆ ಮೆಟಲ್ ಡಿಟೆಕ್ಟರ್. ಸದ್ದು ಬಂದ ಜಾಗದಿಂದ ಒಂದು ಗೇಣು ಹಿಂದೆ ಸರಿದು, ಸುಮಾರು 30 ಡಿಗ್ರಿ ಓರೆಯಾಗಿ ಸಲಾಕೆ ಚುಚ್ಚುತ್ತ ಮುಂದುವರಿಯುತ್ತಾರೆ. ಬಾಂಬಿನ ಒತ್ತುಭಾಗ ಇರುವುದು ತಲೆಯ ಮೇಲೆ, ಸಲಾಕೆ ಅದರ ಪಕ್ಕೆಗೆ ತಾಗಬೇಕು.

ಕೆಡುವುದೂ ಇಲ್ಲಿಯೇ. ನೆಲ ಜಾರಿದರೆ, ಬೇರು ಎತ್ತಿದರೆ ಬಾಂಬು ವಾಲುತ್ತದೆ, ಆಗ ಪಕ್ಕೆಯೇ ತಲೆ. ಕಬ್ಬಿಣದಂಶ ಹೆಚ್ಚಿರುವ ಕೆಮ್ಮಣ್ಣಿನಲ್ಲಿ ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತದೆ, ಮೊಳೆಗೂ ಬಾಟಲಿ ಮುಚ್ಚಳಕ್ಕೂ ಕೂಗುತ್ತದೆ. ಪ್ರತಿ ಕೂಗಿಗೂ ಅದೇ ತಾಳ್ಮೆಯಿಂದ ಅಗೆಯಬೇಕು. ನೂರನೆಯ ಮುಚ್ಚಳ ಸಿಕ್ಕ ಮೇಲೆ ಕೈ ಅವಸರ ಮಾಡುತ್ತದೆ. ಪ್ಲಾಸ್ಟಿಕ್ ಬಾಂಬುಗಳದು ಇದರ ತಿರುವುಮುರುವು: ಕೂಗಲೇಬೇಕಾದ ಕಡೆ ಯಂತ್ರ ಕೂಗುವುದಿಲ್ಲ. ಅದಕ್ಕೆಂದೇ ಭಾರತವೂ ಒಪ್ಪಿರುವ, ಅಂತರರಾಷ್ಟ್ರೀಯ ಆಯುಧ ಒಪ್ಪಂದವೊಂದರ 1996ರ ತಿದ್ದುಪಡಿ ನಿಯಮ, ವ್ಯಕ್ತಿಗಳನ್ನು ಗುರಿಯಾಗಿಸುವ ಬಾಂಬು ಕನಿಷ್ಠ 8 ಗ್ರಾಂ ಕಬ್ಬಿಣದಷ್ಟಾದರೂ ಸದ್ದು ಕೊಡಬೇಕು ಎನ್ನುತ್ತದೆ.

ಹಲಸೂರಿನಿಂದ ಮೆಟ್ರೊದಲ್ಲಿ ಎರಡನೇ ನಿಲ್ದಾಣವೇ ಎಂ.ಜಿ. ರಸ್ತೆ. ಹತ್ತಿರದ ಕಬ್ಬನ್ ರಸ್ತೆಯಲ್ಲಿ ಮಾಣೆಕ್ ಷಾ ಪರೇಡ್ ಮೈದಾನ. ಜನವರಿ 26ಕ್ಕೆ ಬಾವುಟ ಏರಿಸುವವರು ರಾಜ್ಯಪಾಲರು, ಆಗಸ್ಟ್ 15ಕ್ಕೆ ಮುಖ್ಯಮಂತ್ರಿ. ಮೈದಾನ ಸೈನ್ಯದ್ದು, ವಂದನೆ ಸ್ವೀಕರಿಸುವವರು ಸೈನ್ಯದವರಲ್ಲ. ನಮಗೆ ಇದು ಎಷ್ಟು ಮಾಮೂಲಾಗಿದೆಯೆಂದರೆ ಇದರಲ್ಲಿ ನೋಡುವಂಥದ್ದೇನಿದೆ ಅನಿಸುತ್ತದೆ. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1971ರಲ್ಲಿ ಅದೇ ಕಾರ್ಯಪ್ಪನವರು ಲೋಕಸಭೆಗೆ ನಿಂತು ಸೋತರು, ಸೋಲನ್ನು ತಿರುಗಿಸಲು ಯಾವ ಟ್ಯಾಂಕೂ ಬೀದಿಗಿಳಿಯಲಿಲ್ಲ.

ಸೈನ್ಯ ಯಾರ ಹಿಡಿತದಲ್ಲಿದೆ ಎಂಬುದಕ್ಕೂ ನೆಲಬಾಂಬಿಗೂ ನಂಟಿದೆ. ಪಕ್ಕದ ಮ್ಯಾನ್ಮಾರ್‌ನ ಕತೆ ಬೇರೆ. 2008ರ ಸಂವಿಧಾನ ಸಂಸತ್ತಿನ ಕಾಲು ಭಾಗ ಸೀಟನ್ನು ಸೇನೆಗೆ ಬರೆದುಕೊಟ್ಟಿತು. ತಿದ್ದುಪಡಿಗೆ ಮುಕ್ಕಾಲಿಗಿಂತ ಹೆಚ್ಚು ಮತ ಬೇಕು, ಅಂದರೆ ಸೇನೆ ಒಪ್ಪದೆ ಮುಖ್ಯ ವಿಧಿಗಳ ಒಂದಕ್ಷರವೂ ಅಲುಗದು. ರಕ್ಷಣೆ, ಗೃಹ, ಗಡಿ ಖಾತೆಗಳಿಗೂ ಸೇನೆಯದೇ ಆಳು. 2021ರ ಫೆಬ್ರವರಿ 1ಕ್ಕೆ ಸೇನೆ ದಂಗೆಯೆದ್ದು ಉಳಿದದ್ದನ್ನೂ ಕಿತ್ತುಕೊಂಡಿತು. 2023ರಲ್ಲಿ ನೆಲಬಾಂಬು ಮತ್ತು ಸಿಡಿಯದೆ ಉಳಿದ ಮದ್ದುಗುಂಡಿಗೆ ಸಿಕ್ಕವರು ಅತಿ ಹೆಚ್ಚು ಇದ್ದದ್ದು ಆ ದೇಶದಲ್ಲಿಯೇ, ದಾಖಲಾದವರೇ ಸಾವಿರದ ಮೇಲೆ. ಬಾಂಬು ಹೂಳುವವರ ಕೈಯಲ್ಲೇ ಖಜಾನೆಯೂ ಇದ್ದರೆ ನಕ್ಷೆ ತೋರಿಸಿ ಎಂದು ಕೇಳುವವರು ಯಾರು?

ಹಾಗೆಂದು ಎಲ್ಲ ತಪ್ಪನ್ನೂ ಜನರಲ್‌ಗಳ ತಲೆಗೆ ಕಟ್ಟುವಂತಿಲ್ಲ. 1997ರ ಒಟ್ಟಾವ ನೆಲಬಾಂಬು ನಿಷೇಧ ಒಪ್ಪಂದಕ್ಕೆ ಮ್ಯಾನ್ಮಾರ್, ಪಾಕಿಸ್ತಾನದಂತೆ ಭಾರತವೂ ಸಹಿ ಹಾಕಿಲ್ಲ. 2025ರಲ್ಲಿ ಅದರಿಂದ ಹೊರನಡೆಯಲು ತೀರ್ಮಾನಿಸಿದ ಫಿನ್ಲೆಂಡ್, ಪೋಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳಲ್ಲಿ ಇರುವುದು ಚುನಾಯಿತ ಸರ್ಕಾರಗಳೇ.

ಕೊನೆಯ ತಾಣ ನೆಹರೂ ತಾರಾಲಯದ ಬಳಿಯ ರಾಷ್ಟ್ರೀಯ ಸೈನಿಕ ಸ್ಮಾರಕ. ಹುತಾತ್ಮರ ಹೆಸರುಗಳ ಸಾಲು, ಏಕಶಿಲೆಯ ವೀರಗಲ್ಲು. ನಮ್ಮ ಹಳೆಯ ವೀರಗಲ್ಲುಗಳಲ್ಲಿ ತುರು, ಅಂದರೆ ದನ ಬಿಡಿಸಲು ಹೋಗಿ ಸತ್ತವರದೇ ಎಷ್ಟೋ. ನೆಲಬಾಂಬಿಗೆ ಸಿಗುವವರಲ್ಲೂ ದನ ಮೇಯಿಸುವವರು, ಸೌದೆಗೆ ಹೋದವರು ಬಹಳ.

ಬೆಂಗಳೂರಿನಿಂದ ಅಂಕೋರ್ ದೇಗುಲ ನೋಡಲು, ನೆಲಬಾಂಬು ಇನ್ನೂ ಉಳಿದಿರುವ ಕಾಂಬೋಡಿಯಕ್ಕೆ ಹೋಗುವವರಿಗೆ ಇಷ್ಟು: ತಲೆಬುರುಡೆಯ ಕೆಂಪು ಫಲಕ ಕಂಡರೆ ಆಚೆ ಕಾಲಿಡಬೇಡಿ. ಹಳ್ಳಿಯ ಕಡೆ ಸವೆದ ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ, ಮೂತ್ರಕ್ಕೂ. ಅಪ್ಪಿತಪ್ಪಿ ಬಾಂಬಿರುವ ನೆಲದೊಳಗೆ ಬಂದಿದ್ದೀರಿ ಎಂದು ಗೊತ್ತಾದರೆ ಇದ್ದಲ್ಲೇ ನಿಲ್ಲಿ, ಹಿಂದಿನವರಿಗೆ ಬರಬೇಡಿ ಎಂದು ಕೂಗಿ, ಯಾರಾದರೂ ಬರುವವರೆಗೆ ಕಾಯಿರಿ. ಯಾರೂ ಬರುವಂತಿಲ್ಲ ಎಂದಾದರೆ ಮಾತ್ರ, ಬಂದ ಹೆಜ್ಜೆ ಕಣ್ಣಿಗೆ ಕಾಣುತ್ತಿದ್ದರೆ, ಅದೇ ಗುರುತಿನ ಮೇಲೆ ಕಾಲಿಟ್ಟು ವಾಪಸಾಗಿ.